ಬುಲೆಟ್ಟಿನ ಏರ್ ಫಿಲ್ಟರ್ ಡಬ್ಬಿ ತೆಗೆಸಿ ಕೋನ್ ಹಾಕಿಸಿದೆ, ಈಗ ಗಾಡಿ ಕೆಮ್ಮುತ್ತಿದೆ

ಬೇಳೆಮಿಲ್ ಬುಲೆಟ್ (ಕಲಬುರಗಿ)

ಎಲ್ಲರಿಗೂ ಶರಣು.

ಗಾಡಿ 1989ರ ಬುಲೆಟ್ 350. ನಮ್ಮಪ್ಪ ಹೊಸದಾಗಿ ತಗೊಂಡಿದ್ದು. ಆರ್‌ಸಿಯಲ್ಲಿ ಊರ ಹೆಸರು ಇನ್ನೂ ಗುಲ್ಬರ್ಗಾ ಅಂತಲೇ ಇದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಪೆಟ್ರೋಲು, ಗಾಳಿ ಬೆರೆಸಿ ಇಂಜಿನ್ನಿಗೆ ಕೊಡುವ ಕಾರ್ಬೊರೇಟರ್ ಮಿಕ್‌ಕಾರ್ಬ್ ವಿಎಂ 24. ಅಪ್ಪ ತೀರಿಕೊಂಡ ಮೇಲೆ ಆರು ವರ್ಷದಿಂದ ನಾನು ಓಡಿಸುತ್ತಿದ್ದೇನೆ. ಬಣ್ಣ ಸಹ ಮುಟ್ಟಿಲ್ಲ.

ಬಲಗಡೆ ಡಬ್ಬಿಯಲ್ಲಿ ಏರ್ ಫಿಲ್ಟರ್ ಇರುತ್ತದಲ್ಲ, ಅಲ್ಲಿಂದ ಕಾರ್ಬೊರೇಟರಿಗೆ ಬರುವ ಕಪ್ಪು ರಬ್ಬರ್ ಹೋಸು ಒಣಗಿ ಸೀಳು ಬಿಟ್ಟಿತ್ತು. ನಮ್ಮ ಬಿಸಿಲಿಗೆ ರಬ್ಬರು ಎಷ್ಟು ದಿನ ತಡೆದೀತು! ಹೋಸು ಬದಲಿ ಮಾಡಿ ಅಂತ ಗ್ಯಾರೇಜಿಗೆ ಬಿಟ್ಟೆ. ಮಿಸ್ತ್ರಿ ಹೇಳಿದ, "ಈ ಡಬ್ಬಿ ಯಾಕ ಬೇಕ್ರಿ ಸರ, ಕಿತ್ತು ಒಗೀರಿ. ಕೋನ್ ಫಿಲ್ಟರ್ ಹಾಕ್ತೀನಿ, ಗಾಡಿ ಬಾಯಿ ತಗದು ಉಸಿರಾಡ್ತದ." ಸಂಜೆ ಹೋದರೆ ಡಬ್ಬಿಯ ಬದಲು ನೇರ ಕಾರ್ಬೊರೇಟರಿನ ಬಾಯಿಗೆ, ಕ್ರೋಮ್ ಹೊಳೆಯುವ ಕೋನು ಕೂತಿತ್ತು. 650 ರೂಪಾಯಿ, ಕೂಲಿ ಬೇರೆ. ನೋಡಲು ಚೆನ್ನಾಗಿದೆ, ಸುಳ್ಳು ಯಾಕೆ ಹೇಳಲಿ.

ಎರಡು ದಿನ ಖುಷಿಯಾಗಿ ಓಡಿಸಿದೆ. ಸೂಂ ಅಂತ ಗಾಳಿ ಎಳೆಯುವ ಸದ್ದು ಕೇಳುತ್ತಿತ್ತು. ಮೂರನೇ ದಿನ ಕೆಲಸದ ಮೇಲೆ ಸೇಡಂಗೆ ಹೋಗಬೇಕಿತ್ತು. ಮಳಖೇಡ ಬರುವ ಮುಂಚೆಯೇ ಶುರುವಾಯಿತು. 60 ದಾಟಿದರೆ ಕಾರ್ಬೊರೇಟರಿನಿಂದ ಫಟ್ ಫಟ್ ಅಂತ ಕೆಮ್ಮು. ಚೋಕ್ ಹಾಕಿ ನೋಡಿದೆ, ಕೆಮ್ಮು ಕಡಿಮೆ. ತೆಗೆದರೆ ಮತ್ತೆ ಜಾಸ್ತಿ. ಇನ್ನೊಂದು ವಿಚಿತ್ರ, ಆಕ್ಸಿಲೇಟರ್ ಬಿಟ್ಟ ಮೇಲೂ ಇಂಜಿನ್ ನಾಲ್ಕೈದು ಸೆಕೆಂಡು ಏರು ದನಿಯಲ್ಲೇ ನಿಂತು, ನಿಧಾನಕ್ಕೆ ಇಳಿಯುತ್ತದೆ. ಮೊದಲು ಹೀಗಿರಲಿಲ್ಲ. ಮನೆಗೆ ಬಂದು ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬೆಳ್ಳಗೆ.

ಮಿಸ್ತ್ರಿಯನ್ನು ಕೇಳಿದರೆ, "ಮೇ ತಿಂಗಳು, 43 ಡಿಗ್ರಿ ಬಿಸಿಲು, ಹಂಗೇ ಆಗ್ತದ ಬಿಡ್ರಿ" ಅಂದ.

ನನಗೆ ಇನ್ನೊಂದು ಚಿಂತೆ ಧೂಳಿನದು. ನಾನು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುವವನು. ಸಂಜೆ ಗಾಡಿ ತೆಗೆಯುವಾಗ ಸೀಟಿನ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದು, ಅಷ್ಟು ಹೊಟ್ಟಿನ ಧೂಳು. ಸೇಡಂ ರಸ್ತೆಯಲ್ಲಿ ಸುಣ್ಣದ ಕಲ್ಲಿನ ಲಾರಿಗಳ ಧೂಳು ಬೇರೆ. ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿ ಶುರುವಾದರಂತೂ ಕೇಳಬೇಡಿ. ಅಪ್ಪನ ಡೈರಿಯಲ್ಲಿ ತಿಂಗಳಿಗೊಮ್ಮೆ "ಫಿಲ್ಟರ್ ಬಡಿದೆ" ಅಂತ ಒಂದು ಸಾಲು ಇದ್ದೇ ಇದೆ. 2011ರ ತನಕ ಬೋರ್ ಮಾಡಿಸಿದ್ದು (ಸವೆದ ಸಿಲಿಂಡರ್ ಕೊರೆಸಿದ್ದು) ಒಂದೇ ಸಲ.

ಈಗ ಹೇಳಿ. ಹಳೇ ಡಬ್ಬಿಗೇ ವಾಪಸ್ ಹೋಗಲೋ, ಜೆಟ್ (ಕಾರ್ಬೊರೇಟರಿನಲ್ಲಿ ಪೆಟ್ರೋಲು ಅಳೆದು ಬಿಡುವ ಸಣ್ಣ ತೂತಿನ ತಿರುಪು) ಬದಲಾಯಿಸಲೋ? ಹೋಸು ಎಲ್ಲಿ ಸಿಗುತ್ತದೆ? ಮಿಸ್ತ್ರಿಯ ಬಿಸಿಲಿನ ಮಾತು ನಿಜವಾ?

---

ಯೆಜ್ಡಿ ಬೀದರ್

ಅಣ್ಣಾ, ಮೊದಲು ಆ ಗಾಡಿ ಓಡಿಸುವುದು ನಿಲ್ಲಿಸಿ. ಬೆಳ್ಳಗಿನ ಪ್ಲಗ್ ಅಂದರೆ ಪೆಟ್ರೋಲು ಕಮ್ಮಿ, ಗಾಳಿ ಜಾಸ್ತಿ. ಒಳಗೆ ಕಾವು ಏರುತ್ತಿರುತ್ತದೆ, ಹೊರಗೆ ಗೊತ್ತಾಗುವುದಿಲ್ಲ.

ನಂದು ರೋಡ್‌ಕಿಂಗ್. ಫಿಲ್ಟರಿನಿಂದ ಕಾರ್ಬೊರೇಟರಿಗೆ ಬರುವ ರಬ್ಬರು ಅಡಿಯಲ್ಲಿ ಸೀಳಿತ್ತು. ಇನ್ಸುಲೇಷನ್ ಟೇಪ್ ಸುತ್ತಿ ಸುಮ್ನೆ ಓಡಿಸುತ್ತಿದ್ದೆ. ಒಂದು ದಿನ ಹುಮನಾಬಾದಿನಿಂದ ಬರುವಾಗ ಹಳ್ಳಿಖೇಡ ಹತ್ತಿರ ಕೀಂ ಅಂತ ಸದ್ದು ಬಂತು, ಹಿಂದಿನ ಗಾಲಿ ಲಾಕ್. ಕ್ಲಚ್ ಹಿಡಿದಿದ್ದಕ್ಕೆ ಬದುಕಿದೆ. ಪಿಸ್ಟನ್ ಜಾಮ್. ಟೂ ಸ್ಟ್ರೋಕ್ ಗಾಡಿಗೆ ಆಯಿಲ್ ಬರುವುದೇ ಪೆಟ್ರೋಲಿನ ಜೊತೆ. ಪೆಟ್ರೋಲು ಕಮ್ಮಿಯಾದರೆ ಆಯಿಲೂ ಕಮ್ಮಿ. ಯೆಜ್ಡಿ ಮಾಡುತ್ತಿದ್ದ ಮೈಸೂರಿನ ಫ್ಯಾಕ್ಟರಿ 1996ರಲ್ಲೇ ಮುಚ್ಚಿದೆ, ಒಳ್ಳೇ ಪಿಸ್ಟನ್ ಹುಡುಕಲು ಎರಡು ತಿಂಗಳು ಹಿಡಿಯಿತು.

ನಿಮ್ಮದಕ್ಕೆ ಆಯಿಲ್ ಪಂಪ್ ಬೇರೆ ಇದೆ, ಅಷ್ಟು ಬೇಗ ಜಾಮ್ ಆಗಲ್ಲ. ಆದರೂ ಹೋಸು ಹಾಕಿಸಿ. ಹೈದರಾಬಾದಿನ ಪುತ್ಲಿಬೌಲಿಯಲ್ಲಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ದೆಹಲಿಯ ಕರೋಲ್ ಬಾಗ್, ಬುಲೆಟ್ ಸಾಮಾನಿಗೆ ಅದೇ ಕಾಶಿ.

---

ಕಿಕ್ ಸ್ಟಾರ್ಟ್ ಹುಡುಗ

ಡಬ್ಬಿ ವಾಪಸ್ ಯಾಕೆ ಬ್ರೋ? ಕೋನ್ ಹಾಕಿದ ಮೇಲೆ ಜೆಟ್ ಬದಲಿಸಬೇಕು, ನಿಮ್ಮ ಮಿಸ್ತ್ರಿ ಅದೊಂದು ಬಿಟ್ಟಿದ್ದಾರೆ ಅಷ್ಟೇ. ಮೇನ್ ಜೆಟ್ ಎರಡು ನಂಬರ್ ದೊಡ್ಡದು ಹಾಕಿ, ಕಾರ್ಬೊರೇಟರಿನ ಒಳಗಿನ ಸೂಜಿಯ (ನೀಡಲ್) ಕ್ಲಿಪ್ ಒಂದು ಗೀರು ಕೆಳಗಿಳಿಸಿ, ಪೆಟ್ರೋಲು ಜಾಸ್ತಿ ಹೋಗುತ್ತದೆ. ನಾನು ಬೆಂಗಳೂರಲ್ಲಿ ಮೂರು ವರ್ಷದಿಂದ ಕೋನ್‌ನಲ್ಲೇ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ. ಜೆಟ್ ಜೆ.ಸಿ. ರಸ್ತೆಯಲ್ಲಿ ಸಿಗುತ್ತದೆ.

---

ಶಹಾಪುರ ಮಿಸ್ತ್ರಿ

ತಮ್ಮಾ, ಅಂಗಡಿ ಮುಚ್ಚಿ ನಾಲ್ಕು ವರ್ಷ ಆಯಿತು, ಕೈ ಇನ್ನೂ ಕಡಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ಮೊದಲು ಬಿಸಿಲಿನ ಮಾತು. ಅದು ಉಲ್ಟಾ. ಬಿಸಿ ಗಾಳಿ ತೆಳುವಾಗಿರುತ್ತದೆ. 20 ಡಿಗ್ರಿಯ ಗಾಳಿಗೂ 43 ಡಿಗ್ರಿಯ ಗಾಳಿಗೂ ತೂಕದಲ್ಲಿ ನೂರಕ್ಕೆ ಏಳು ಪಾಲು ವ್ಯತ್ಯಾಸ ಬರುತ್ತದೆ. ಜೆಟ್ ಅದೇ ಇದ್ದರೆ ಬೇಸಿಗೆಯಲ್ಲಿ ಪೆಟ್ರೋಲು ಒಂಚೂರು ಜಾಸ್ತಿಯೇ ಆಗಬೇಕು, ಪ್ಲಗ್ ಕಪ್ಪಾಗಬೇಕು. ಮೇ ತಿಂಗಳಲ್ಲೂ ಬೆಳ್ಳಗೆ ಇದೆ ಅಂದರೆ ಎಲ್ಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ.

ಎಲ್ಲಿಂದ? ನೀನು ಕಾರ್ಬೊರೇಟರಿನ ಹಿಂದೆ ನೋಡುತ್ತಿದ್ದೀ, ಮುಂದೆ ನೋಡು. ಹಿಂದೆ, ಅಂದರೆ ಹೋಸಿನ ಕಡೆ, ಸೀಳಿದರೆ ಒಳಗೆ ಬರುವುದು ಮುಖ್ಯವಾಗಿ ಧೂಳು. ಆ ಗಾಳಿ ಕಾರ್ಬೊರೇಟರ್ ದಾಟಿಯೇ ಹೋಗುವುದರಿಂದ ಪೆಟ್ರೋಲನ್ನು ಎಳೆದುಕೊಂಡೇ ಹೋಗುತ್ತದೆ. ಕಾರ್ಬೊರೇಟರ್ ಮತ್ತು ಇಂಜಿನ್ನಿನ ಹೆಡ್ ನಡುವೆ ಸಂದು ಬಿಟ್ಟರೆ ಬರುವುದು ಲೆಕ್ಕಕ್ಕೆ ಸಿಗದ ಗಾಳಿ. ಆಕ್ಸಿಲೇಟರ್ ಬಿಟ್ಟರೂ ಇಂಜಿನ್ ಇಳಿಯುವುದಿಲ್ಲ ಅಂದೆಯಲ್ಲ, ಅದು ಅದರದೇ ಗುರುತು. ಹುಡುಗ ಜೆಟ್ ವಿಷಯ ಹೇಳಿದ್ದು ತಪ್ಪಲ್ಲ, 60ರ ಮೇಲಿನ ಕೆಮ್ಮಿಗೆ ಅದೂ ಒಂದು ಕಾರಣ. ಆದರೆ ಸ್ಲೋ (ಆಕ್ಸಿಲೇಟರ್ ಬಿಟ್ಟಾಗಿನ ಓಟ) ಇಳಿಯದಿರುವುದಕ್ಕೂ ಮೇನ್ ಜೆಟ್ಟಿಗೂ ಸಂಬಂಧ ಇಲ್ಲ. ನಿನಗೆ ಇರುವುದು ಎರಡು ರೋಗ.

ಕೋನ್ ಕೂಡಿಸಲು ನಿನ್ನ ಗ್ಯಾರೇಜಿನವನು ಕಾರ್ಬೊರೇಟರ್ ಬಿಚ್ಚಿರುತ್ತಾನೆ. ವಿಎಂ 24 ಹೆಡ್ಡಿಗೆ ಕೂರುವುದು ಎರಡೇ ಸ್ಟಡ್ ಮೇಲೆ. ಪಾನಾ ಸಿಕ್ಕಿತು ಅಂತ ಜೋರಾಗಿ ಬಿಗಿದರೆ ಹೆಡ್ಡಿಗೆ ಅಂಟುವ ಚಪ್ಪಟೆ ಮುಖ, ಅಂದರೆ ಫ್ಲ್ಯಾಂಜಿನ ಎರಡೂ ಕಿವಿ ಬಾಗಿ ನಡುವೆ ಸಂದು ಬೀಳುತ್ತದೆ. ಎಷ್ಟು ಬಿಗಿದರೂ ಸಂದು ದೊಡ್ಡದಾಗುತ್ತದೆಯೇ ಹೊರತು ಮುಚ್ಚುವುದಿಲ್ಲ. ಹಿಂಗೆ ಮಾಡು. ಗಾಡಿ ಸ್ಲೋನಲ್ಲಿ ಬಿಟ್ಟು ಆ ಸಂದಿಗೆ ನೀರು ಸ್ಪ್ರೇ ಮಾಡು. ಇಂಜಿನ್ ದನಿ ಬದಲಾದರೆ ಕಳ್ಳ ಸಿಕ್ಕ. ಕೆಲವರು ಪೆಟ್ರೋಲ್ ಚಿಮುಕಿಸುತ್ತಾರೆ, ಅದು ಬೇಡ, ಬಿಸಿ ಇಂಜಿನ್ ಮೇಲೆ ಬೆಂಕಿಯ ಆಟ. ಬಾಗಿದ್ದು ಖಾತ್ರಿಯಾದರೆ ಬಿಚ್ಚಿ, ಗಾಜಿನ ಮೇಲೆ ಪಾಲಿಷ್ ಪೇಪರ್ ಹಾಸಿ, ಎಂಟರ ಆಕಾರದಲ್ಲಿ ಉಜ್ಜು. ಪ್ಯಾಕಿಂಗ್ ಹೊಸದು ಹಾಕು. ಸಿಲಿಕಾನ್ ಮೆತ್ತಬೇಡ, ಪೆಟ್ರೋಲು ತಾಗಿದರೆ ಅದು ಮೆತ್ತಗಾಗಿ ಏಳುತ್ತದೆ, ಚೂರು ಒಳಗೆ ಹೋಗುತ್ತದೆ.

ಇನ್ನು ಡಬ್ಬಿ. ಅದು ಬರೀ ಡಬ್ಬಿ ಅಲ್ಲ. ನಿನ್ನ ಇಂಜಿನ್ 346 ಸಿಸಿ, ಒಂದೇ ಸಿಲಿಂಡರ್. ಮೂರು ಸಾವಿರ ಆರ್‌ಪಿಎಂನಲ್ಲಿ ಸೆಕೆಂಡಿಗೆ 25 ಸಲ ಗುಟುಕು ಗುಟುಕಾಗಿ ಗಾಳಿ ಎಳೆಯುತ್ತದೆ. ಆ ಗುಟುಕಿಗೆ ಅಲುಗಾಡದ ಗಾಳಿ ಒದಗಿಸುವುದು ಡಬ್ಬಿ. ಕಂಪನಿಯವರು ಜೆಟ್ ಅಳತೆ ಮಾಡಿದ್ದು ಡಬ್ಬಿ, ಕಾಗದದ ಫಿಲ್ಟರ್ ಎಲ್ಲ ಕೂಡಿಸಿಕೊಂಡು. ಮತ್ತೆ, ಒಂದು ಲೀಟರ್ ಪೆಟ್ರೋಲು ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಬೆಂಗಳೂರಿನ ಹುಡುಗನ ಗಾಳಿ ಬೇರೆ, ಸೇಡಂ ರಸ್ತೆಯ ಗಾಳಿ ಬೇರೆ. ಕಲ್ಲಿನ ಪುಡಿ ಪಿಸ್ಟನ್ ರಿಂಗಿನ ಸಂದಿಗೆ ಹೋದರೆ ಅರೆಯುವ ಕಲ್ಲಿನ ಕೆಲಸ ಮಾಡುತ್ತದೆ.

ಹೋಸು ಹಾಕುವ ಮುಂಚೆ ಬಿಸಿನೀರಿನಲ್ಲಿ ಹತ್ತು ನಿಮಿಷ ಬಿಡು, ಮೆತ್ತಗಾಗುತ್ತದೆ. ಸೋಪಿನ ನೀರು ಸವರು, ಗ್ರೀಸ್ ಬೇಡ, ರಬ್ಬರು ಉಬ್ಬುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬೇಡ, ಒಳಗಿನಿಂದ ಹೊರಕ್ಕೆ ಗಾಳಿ ಹೊಡೆಸು.

ಬೀದರಿನವರೇ, ನಿಮ್ಮ ಯೆಜ್ಡಿ ಜಾಮ್ ಆಗಿದ್ದು ಬರೀ ಆ ಹೋಸಿನಿಂದ ಅಂತ ನನಗೆ ಅನಿಸುವುದಿಲ್ಲ. ಕ್ರ್ಯಾಂಕಿನ (ಪಿಸ್ಟನ್ ತಿರುಗಿಸುವ ದಂಡದ) ಆಯಿಲ್ ಸೀಲ್ ನೋಡಿಸಿದ್ದಿರಾ? ಟೂ ಸ್ಟ್ರೋಕಿನಲ್ಲಿ ಕಳ್ಳಗಾಳಿಯ ಹೆಬ್ಬಾಗಿಲು ಅದೇ.

---

ಯೆಜ್ಡಿ ಬೀದರ್

ಈಗಷ್ಟೇ ಹಳೇ ಬಿಲ್ ತೆಗೆದು ನೋಡಿದೆ ಮಿಸ್ತ್ರಿ. ಎಡಗಡೆ ಆಯಿಲ್ ಸೀಲ್ ಬದಲಿ ಅಂತ ಬರೆದಿದೆ! ಇಷ್ಟು ವರ್ಷ ಪಾಪ ಆ ರಬ್ಬರನ್ನು ಬೈದುಕೊಂಡು ಓಡಾಡಿದೆ.

---

ಬೇಳೆಮಿಲ್ ಬುಲೆಟ್ (ಕಲಬುರಗಿ)

ಹದಿನೆಂಟು ದಿನ ಆಯಿತು, ಕ್ಷಮಿಸಿ. ಹೋಸು ಬರುವುದು ತಡವಾಯಿತು.

ಮಿಸ್ತ್ರಿ ಕಾಕಾ, ನೀವು ಬರೆದದ್ದನ್ನು ಓದಿದ ರಾತ್ರಿಯೇ ಗಾಡಿ ಅಂಗಳಕ್ಕೆ ತಂದೆ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಹೊಡೆಯುವ ಬಾಟಲಿ ಇತ್ತು. ಹೋಸಿನ ಕಡೆ ಹೊಡೆದೆ, ಏನಿಲ್ಲ. ಹೆಡ್ಡಿನ ಕಡೆ ಹೊಡೆದ ತಕ್ಷಣ ಇಂಜಿನ್ ಗುಳುಂ ಅಂದು ದನಿ ಇಳಿಯಿತು. ಇನ್ನೊಮ್ಮೆ ಹೊಡೆದೆ, ಮತ್ತೆ ಅದೇ. ಆರು ಸಲ ಮಾಡಿದೆ. ಮನೆಯವಳು ಬಂದು, "ಬಾಟ್ಲಿ ಕೊಡ್ರಿ, ಮುಂಜಾನೆ ಮಕ್ಕಳ ಯುನಿಫಾರ್ಮ್ ಅದಾವ" ಅಂದಳು.

ಭಾನುವಾರ ಬಿಚ್ಚಿದೆ. ಹಳೇ ಫೋಟೋದ ಗಾಜಿನ ಮೇಲೆ ಫ್ಲ್ಯಾಂಜ್ ಇಟ್ಟರೆ ನಡುವೆ ಹತ್ತು ರೂಪಾಯಿ ನೋಟು ಆರಾಮಾಗಿ ತೂರಿತು. ಒಂದು ತಾಸು ಉಜ್ಜಿದೆ. ಮೊದಲು ಕಿವಿಗಳು ಮಾತ್ರ ಹೊಳೆದವು, ಆಮೇಲೆ ನಿಧಾನಕ್ಕೆ ಸುತ್ತಲೂ ಒಂದೇ ಬಣ್ಣ ಬಂತು. ಆ ಕೆಲಸದಲ್ಲಿ ಒಂಥರಾ ನೆಮ್ಮದಿ ಇದೆ. ಪ್ಯಾಕಿಂಗ್ ಹೊಸದು ಹಾಕಿ, ಎರಡೂ ನಟ್ಟನ್ನು ಸ್ವಲ್ಪ ಅದು ಸ್ವಲ್ಪ ಇದು ಅಂತ ಸಮವಾಗಿ ಬಿಗಿದೆ. ಕೋನ್ ಇನ್ನೂ ಮೇಲೇ ಇತ್ತು. ಸ್ಲೋ ತಕ್ಷಣ ಸರಿಯಾಯಿತು. ರಿಂಗ್ ರೋಡಿಗೆ ಹೋಗಿ 60 ದಾಟಿಸಿದೆ, ಕೆಮ್ಮು ಅರ್ಧದಷ್ಟು ಉಳಿದಿತ್ತು. ಎರಡು ರೋಗ ಅಂದಿರಲ್ಲ, ಅದು ಹೀಗೆ ಬೇರೆ ಬೇರೆಯಾಗಿ ಕಂಡಿತು.

ಡಬ್ಬಿ ಗ್ಯಾರೇಜಿನ ಹಿಂದೆ ಗುಜರಿಯಲ್ಲಿ ಬಿದ್ದಿತ್ತು. ನಂದೇ ಡಬ್ಬಿಗೆ ಐವತ್ತು ರೂಪಾಯಿ ಕೊಟ್ಟು ತಂದೆ. ಜಗಳ ಆಡಲಿಲ್ಲ, ನಾಳೆ ಪಂಕ್ಚರ್ ಆದರೆ ಮತ್ತೆ ಅವನೇ ಬೇಕು. ಹೋಸು ಇಲ್ಲಿ ಮೂರು ಅಂಗಡಿ ಸುತ್ತಿದರೂ ಹೊಸ ಮಾಡೆಲ್ಲಿನದೇ ಕೊಟ್ಟರು, ಬಾಯಿ ಕೂಡಲಿಲ್ಲ. ನಮ್ಮ ಮಿಲ್ಲಿನ ಬೇಳೆ ಒಯ್ಯುವ ಲಾರಿ ಡ್ರೈವರ್ ಹೈದರಾಬಾದಿನಿಂದ ತಂದುಕೊಟ್ಟ. ಹಳೇ ಹೋಸನ್ನೇ ಅವನ ಕೈಗೆ ಕೊಟ್ಟು ಕಳಿಸಿದ್ದೆ, ಅದೊಂದು ಬುದ್ಧಿಯ ಕೆಲಸ ಮಾಡಿದೆ. 180 ರೂಪಾಯಿ. ಬಿಸಿನೀರಲ್ಲಿ ಇಟ್ಟ ಮೇಲೆ ಬೆಣ್ಣೆಯಂತೆ ಕೂತಿತು.

ಕೋನ್ ತೆಗೆದಾಗ ಕಾರ್ಬೊರೇಟರಿನ ಬಾಯೊಳಗೆ ಬೆರಳು ಆಡಿಸಿದೆ. ಬೆರಳು ಬೂದಿ ಬಣ್ಣ. ಓಡಿಸಿದ್ದು ಮೂರು ವಾರ ಸಹ ಇಲ್ಲ. ನಾನು ಲೆಕ್ಕದವನಲ್ವಾ, ಕೂತು ಲೆಕ್ಕ ಹಾಕಿದೆ. ಸೇಡಂಗೆ ಹೋಗಿ ಬಂದರೆ ಹೆಚ್ಚು ಕಡಿಮೆ 110 ಕಿಲೋಮೀಟರ್, ಮೂರು ಲೀಟರ್ ಮೇಲೆ ಚೂರು ಪೆಟ್ರೋಲು. ಅಂದರೆ 28 ಸಾವಿರ ಲೀಟರ್ ಗಾಳಿ. ನಮ್ಮ ಓಣಿಗೆ ಬೇಸಿಗೆಯಲ್ಲಿ ಬರುವ 5,000 ಲೀಟರಿನ ನೀರಿನ ಟ್ಯಾಂಕರಿನಲ್ಲಿ ಐದೂವರೆ ಟ್ಯಾಂಕರ್!

ನಿನ್ನೆ ಮತ್ತೆ ಸೇಡಂಗೆ ಹೋಗಿ ಬಂದೆ. ಕೆಮ್ಮು ಇಲ್ಲ. ಪ್ಲಗ್ ಕಾಫಿಪುಡಿ ಬಣ್ಣಕ್ಕೆ ತಿರುಗಿದೆ. ಜೆಟ್ ಮುಟ್ಟಿಲ್ಲ. ಆ ಸೂಂ ಸದ್ದು ಹೋಯಿತು ಅಂತ ಒಂಚೂರು ಬೇಜಾರು.

ಒಂದು ಉಳಿದಿದೆ. ಗುಜರಿಯಲ್ಲಿ ಬಿದ್ದು ಡಬ್ಬಿಯ ಮುಚ್ಚಳ ಸ್ವಲ್ಪ ಸೊಟ್ಟಗಾಗಿದೆ, ಅಂಚಿನಲ್ಲಿ ಬೆಳಕು ಕಾಣುತ್ತದೆ. ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಲೂ ಕೂಡಿಸಿದ್ದೇನೆ. ನಡೆಯುತ್ತದಾ?

---

ಕಿಕ್ ಸ್ಟಾರ್ಟ್ ಹುಡುಗ

ಕೋನ್ ಮಾರುತ್ತೀರಾ ಬ್ರೋ? ನಂದು ಹಳೇದಾಗಿದೆ.

---

ಶಹಾಪುರ ಮಿಸ್ತ್ರಿ

ಟ್ಯೂಬ್ ನಡೆಯುತ್ತದೆ. ಜೋಡಣೆಯ ಬಾಯಿ ಕೆಳಗಡೆ ಬರುವ ಹಾಗೆ ಕೂಡಿಸು, ಮಳೆನೀರು ಒಳಗೆ ಇಳಿಯಬಾರದು. ತೊಗರಿ ರಾಶಿ ಟೈಮಿಗೆ ತಿಂಗಳಿಗೊಮ್ಮೆ ಸಾಲದು, ವಾರಕ್ಕೊಮ್ಮೆ ಬಡಿ. ಡೈರಿಯಲ್ಲಿ ಬರೆದಿಡು.