ಸರ್ವರ್‌ಗೆ ‘ಉಗ್ರಾಣಿ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ. ಒಂದು ಪದದ ಬಗ್ಗೆ ಕೇಳಬೇಕಿತ್ತು.

ಸ್ಕ್ರೀನ್ ಒಡೆದ ಹಳೇ ಲ್ಯಾಪ್‌ಟಾಪ್ ಒಂದು ನಮ್ಮನೆ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು. ಹೋದ ತಿಂಗಳು ಅದನ್ನು ಇಳಿಸಿ, ಡೆಬಿಯನ್ ಅನ್ನೋ ಉಚಿತ ಆಪರೇಟಿಂಗ್ ಸಿಸ್ಟಮ್ ಹಾಕಿ, 1 ಟಿಬಿ ಡಿಸ್ಕ್ ಸಿಕ್ಕಿಸಿ ರೂಟರ್ ಪಕ್ಕದಲ್ಲಿಟ್ಟೆ. ಮನೆಯವರ ಫೋಟೋ, ಅಪ್ಪ ಕೂಡಿಟ್ಟ ಯಕ್ಷಗಾನದ ರೆಕಾರ್ಡಿಂಗ್, ಪಹಣಿಯ ಸ್ಕ್ಯಾನ್ ಎಲ್ಲ ಈಗ ಅದರಲ್ಲೇ. ಮನೆಯೊಳಗೆ ಯಾರ ಫೋನಿನಿಂದ ಬೇಕಾದರೂ ನೋಡಬಹುದು. ಮೊದಲು ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತರೋಣ ಅಂತಿದ್ದೆ, ಆದರೆ ಅದಕ್ಕೆ ಬ್ಯಾಟರಿ ಇರಲ್ಲ, ಮಲೆನಾಡಿನ ಮಳೆಗಾಲದ ಕರೆಂಟ್ ಕಥೆ ನಿಮಗೇ ಗೊತ್ತು. ಇಲ್ಲಿ ಲ್ಯಾಪ್‌ಟಾಪಿನ ಬ್ಯಾಟರಿಯೇ ಯುಪಿಎಸ್. 10 ವ್ಯಾಟ್ ಎಳೆದರೂ ತಿಂಗಳಿಗೆ 7 ಯೂನಿಟ್ ಚಿಲ್ಲರೆ, ಅಷ್ಟೇ.

ಕಷ್ಟ ಬಂದಿದ್ದು ಹೆಸರಿಡುವಾಗ. “ಇದು ನಮ್ಮನೆ ಸರ್ವರ್” ಅಂದೆ. “ಸರ್ವರ್ ರೇಷನ್ ಅಂಗಡೀಲಿ ಇರೋದಲ್ವಾ? ಅಲ್ಲೂ ದಿನಾ ಬರಲ್ಲ” ಅಂದಳು ಅಮ್ಮ.

ಆಮೇಲೆ ಗಮನಿಸುತ್ತಾ ಹೋದೆ. ಕನ್ನಡದಲ್ಲಿ ಸರ್ವರ್ ಅನ್ನೋದು ಕರೆಂಟಿನ ಜಾತಿಗೆ ಸೇರಿಬಿಟ್ಟಿದೆ. ಸರ್ವರ್ ಬರ್ತಿಲ್ಲ, ಸರ್ವರ್ ಹೋಯ್ತು, ಸರ್ವರ್ ಬಂದ ಮೇಲೆ ಬನ್ನಿ. ಅದೊಂದು ಪೆಟ್ಟಿಗೆ, ಎಲ್ಲೋ ಒಂದು ಕಡೆ ಕೂತಿರುತ್ತದೆ ಅನ್ನುವ ಅರ್ಥವೇ ಆ ಮಾತಿನಲ್ಲಿಲ್ಲ. ಇದನ್ನು ತಪ್ಪು ಅನ್ನಲಾರೆ, ಸಾಲಿನಲ್ಲಿ ನಿಂತವರಿಗೆ ಸರ್ವರ್ ಕಾಣುವುದೇ ಹಾಗೆ. ಆದರೆ ಲ್ಯಾಪ್‌ಟಾಪಿನ ಮೇಲೆ ಮನೆಯವರಿಗೆ ಒಂದು ಚೀಟಿ ಅಂಟಿಸಬೇಕು: “ಕರೆಂಟ್ ಹೋಗಿ ಒಂದು ಗಂಟೆಯಾದರೆ ಈ ____ ಆಫ್ ಮಾಡಿ.” ಆ ಜಾಗದಲ್ಲಿ ಏನು ಬರೆಯಲಿ?

‘ಸೇವಕ’ ಅಂದರೆ ಹಳೇ ಅರ್ಜಿಯ ಕೊನೆಯ ಸಾಲು ನೆನಪಾಗುತ್ತೆ. ‘ಪರಿಚಾರಕ’ ಮನೆಮಂದಿಗೆ ಭಾರ. ಹೋಟೆಲಿನ ‘ಮಾಣಿ’ ಮುದ್ದಾಗಿದೆ, ಅಚ್ಚಗನ್ನಡದ ‘ಬಡಿಸುಗ’ ಕೂಡ ಆಗಬಹುದು ಅಂತ ಗೆಳೆಯರೊಬ್ಬರು ಹೇಳಿದರು. ನನಗೆ ಒಪ್ಪಿಗೆಯಾಗಲಿಲ್ಲ. ಪಂಕ್ತಿಯಲ್ಲಿ ಬಡಿಸುವವರು ಕೇಳದಿದ್ದರೂ ಬರುತ್ತಾರೆ, ಬೇಡ ಅಂತ ಕೈ ಅಡ್ಡ ಹಿಡಿದರೂ ಒಂದು ಸೌಟು ಹಾಕಿಯೇ ಹೋಗುತ್ತಾರೆ. ಸರ್ವರ್ ಹಾಗಲ್ಲ. ಕೂತಲ್ಲೇ ಕೂತಿರುತ್ತದೆ, ಕೇಳಿದವರಿಗೆ ಕೇಳಿದ್ದನ್ನು ಕೊಡುತ್ತದೆ, ನೀವು ಕೇಳಬಹುದಾದವರು ಅಲ್ಲ ಅಂತಾದರೆ ಕೊಡಲ್ಲ.

ಹೀಗೆ ಯೋಚಿಸುವಾಗ ಹೊಳೆದಿದ್ದು ಮದುವೆ ಮನೆಯ ಉಗ್ರಾಣ. ಅಡುಗೆಯವರು ಬೆಲ್ಲ ಕೇಳಿದರೆ ಬೆಲ್ಲ, ತುಪ್ಪ ಕೇಳಿದರೆ ತುಪ್ಪ. ಬೀಗದ ಕೈ ಸೊಂಟದಲ್ಲಿ, ಲೆಕ್ಕ ಪುಸ್ತಕದಲ್ಲಿ. ಅದನ್ನು ನೋಡಿಕೊಳ್ಳುವ ಉಗ್ರಾಣಿ ಮಾಡುವುದು ಪಕ್ಕಾ ಸರ್ವರ್ ಕೆಲಸ, ಅಲ್ವಾ? ಯಾರು ಏನು ಕೇಳಿದರು ಅಂತ ಸರ್ವರ್ ಬರೆದಿಡುವ ಲಾಗ್ ಫೈಲ್ ಕೂಡ ಬಂತು ನೋಡಿ.

ಇಂಗ್ಲಿಷಿನಲ್ಲೂ ಈ ಹೆಸರು ನೇರವಾಗೇನೂ ಇರಲಿಲ್ಲ. ಇಂಟರ್ನೆಟ್ಟಿಗೆ ಮೂಲವಾದ ಅರ್ಪಾನೆಟ್ ಜಾಲದ 1969ರ ಟಿಪ್ಪಣಿಗಳಲ್ಲಿ ಅದು ‘ಸರ್ವರ್ ಹೋಸ್ಟ್’, ಅಂದರೆ ಯಜಮಾನನೂ ಅದೇ, ಬಡಿಸುವವನೂ ಅದೇ! ಇನ್ನು ನಾನು ಫೈಲ್ ಹಂಚಲು ಹಾಕಿಕೊಂಡ ಸಾಂಬಾ ತಂತ್ರಾಂಶದ ಹೆಸರಂತೂ, ಅದು ಫೈಲ್ ಹಂಚಲು ಬಳಸುವ ‘ಎಸ್ಎಂಬಿ’ ಪದ್ಧತಿಯ ಎಸ್, ಎಂ, ಬಿ ಅಕ್ಷರಗಳು ಆ ಕ್ರಮದಲ್ಲಿ ಬರುವ ಪದ ಯಾವುದಿದೆ ಅಂತ ಪದಪಟ್ಟಿಯಲ್ಲಿ ಹುಡುಕಿ ಆರಿಸಿದ್ದು. ಅಷ್ಟು ಸಲೀಸಾಗಿ ಹೆಸರಿಡುವವರ ಮುಂದೆ ನಾವು ಜಾಸ್ತಿ ಮಡಿ ಮಾಡುವುದು ಬೇಡ ಅನ್ಸುತ್ತೆ.

ನನ್ನ ಅನುಮಾನ ಎರಡು. ದಕ್ಷಿಣ ಕನ್ನಡದ ಕಡೆ ಉಗ್ರಾಣಿ ಅಂದರೆ ಪಟೇಲರ ಕೈಕೆಳಗಿನ ಗ್ರಾಮ ಸಹಾಯಕ ಅಂತ ಕೇಳಿದ್ದೇನೆ. ಅಲ್ಲಿಯವರ ಕಿವಿಗೆ ಈಗಲೂ ಅದೇ ಅರ್ಥ ಮೊದಲು ಬರುತ್ತದಾ? ಇನ್ನೊಂದು, ಉತ್ತರ ಕರ್ನಾಟಕದಲ್ಲಿ ಮದುವೆ ಮನೆಯ ಸಾಮಾನು ಕೋಣೆಗೆ, ಅದರ ಉಸ್ತುವಾರಿ ಮಾಡುವವರಿಗೆ ಏನಂತಾರೆ?

ಚೀಟಿಯಲ್ಲಿ ಸದ್ಯಕ್ಕೆ ‘ಪೆಟ್ಟಿಗೆ’ ಅಂತ ಬರೆದಿದ್ದೇನೆ, ಪೆನ್ಸಿಲ್‌ನಲ್ಲಿ.