ಹಣ ವಾಪಸ್ ಇಟ್ಟರೆ ಸಾಲದಾ, ಬಾಯಿಬಿಟ್ಟು ಹೇಳಲೇಬೇಕಾ?

ಹೆಸರು ಬೇಡ:
ನಮ್ಮ ಪ್ರಾರ್ಥನಾ ಕೂಟದ ಕಾಣಿಕೆ ಹಣದ ಲೆಕ್ಕ ನನ್ನ ಕೈಯಲ್ಲಿದೆ. ಒಂದು ಸಲ ತುರ್ತು ಬಂತು ಅಂತ ಸ್ವಲ್ಪ ತೆಗೆದೆ. ಸಂಬಳ ಬಂದ ದಿನವೇ ವಾಪಸ್ ಇಟ್ಟೆ, ಯಾರಿಗೂ ಗೊತ್ತಾಗಲಿಲ್ಲ. ಎಡವಿದ್ದು ಅಲ್ಲೇ ಅನ್ನಿಸುತ್ತದೆ. ಎರಡನೇ ಸಲ ಅಷ್ಟು ಭಯ ಆಗಲಿಲ್ಲ. ಈಗ ಪುಸ್ತಕದಲ್ಲಿ ಒಂದು ಮೊತ್ತ, ಪೆಟ್ಟಿಗೆಯಲ್ಲಿ ಇನ್ನೊಂದು, ಎಣಿಸುವುದನ್ನೇ ಬಿಟ್ಟಿದ್ದೇನೆ. ರಾತ್ರಿ ದೇವರ ಹತ್ತಿರ ಕ್ಷಮೆ ಕೇಳುತ್ತೇನೆ, ಅತ್ತಿದ್ದೂ ಇದೆ, ಆಮೇಲೆ ಮತ್ತೆ ಅದೇ ಕೈ ಅದೇ ಪೆಟ್ಟಿಗೆಗೆ. ಮೆಲ್ಲಗೆ ತುಂಬಿಸಿಬಿಟ್ಟರೆ ಮಾನಸಾಂತರ (ಪಶ್ಚಾತ್ತಾಪಪಟ್ಟು ತಿರುಗಿಕೊಳ್ಳುವುದು) ಆದಂತೆಯೇ ಅಲ್ವಾ? ಎಲ್ಲರ ಮುಂದೆ ಮಾನ ಕಳೆದುಕೊಳ್ಳಲೇಬೇಕಾ? ಬೈಯುವುದಿದ್ದರೆ ಬೈಯಿರಿ.

ಹಳೇ ಓದುಗ:
ಬೈಯುವುದಿಲ್ಲ. ಆದರೆ ಹಣದ ಚೀಲ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ ಯೂದನ ಕೈಯಲ್ಲೂ ಇತ್ತು. ಅವನು ಅದರಿಂದ ಕದಿಯುತ್ತಿದ್ದ ಅಂತ ಬೈಬಲಿನ ಯೋಹಾನ 12:6ರಲ್ಲಿದೆ. ಯೇಸುವನ್ನು ಹಿಡಿದುಕೊಡಲು 30 ಬೆಳ್ಳಿ ನಾಣ್ಯದ ಮಾತು ಬರುವ ಹೊತ್ತಿಗೆ ಕೈಗೆ ಅಭ್ಯಾಸ ಆಗಿಹೋಗಿತ್ತೇನೋ (ಇದು ನನ್ನ ಊಹೆ, ವಾಕ್ಯದಲ್ಲಿ ಹಾಗಿಲ್ಲ). ಆ ನಾಣ್ಯಗಳನ್ನು ಅವನೂ ವಾಪಸ್ ತಂದ, ನೋಡಿ. ತಪ್ಪು ಮಾಡಿದೆ ಅಂತಲೂ ಯಾಜಕರ ಮುಂದೆ ಹೇಳಿದ, ಅವರು ನಮಗೇನು ಅಂದರು. ಅಲ್ಲಿಂದ ಅವನು ಒಬ್ಬನೇ ಹೋದ. ಇನ್ನೊಬ್ಬ ಶಿಷ್ಯ ಪೇತ್ರನೂ ಯೇಸುವನ್ನು ಹಿಡಿದ ರಾತ್ರಿ 3 ಸಲ ಅವರನ್ನು ಅರಿಯೆ ಅಂದು, ಹೊರಗೆ ಹೋಗಿ ಬಿಕ್ಕಿ ಅತ್ತ. ಆದರೆ ಭಾನುವಾರ ಬೆಳಿಗ್ಗೆ ಯೇಸುವಿನ ಸಮಾಧಿಗೆ ಓಡುವಾಗ ಅವನ ಜೊತೆ ಇನ್ನೊಬ್ಬ ಶಿಷ್ಯ ಇದ್ದ. ದಯವಿಟ್ಟು ನೀವು ಇದನ್ನು ಒಬ್ಬರೇ ಹೊತ್ತುಕೊಂಡು ತಿರುಗಬೇಡಿ.

ದಾರಿಹೋಕ:
ಯೂದನವರೆಗೂ ಹೋಗಬೇಕಿತ್ತಾ? ಪಾಪ, ಮೊದಲೇ ಹೆದರಿದ್ದಾರೆ. 1 ಯೋಹಾನ 1:9 ಓದಿ, ಅರಿಕೆ ಮಾಡಿದರೆ ದೇವರು ಕ್ಷಮಿಸುತ್ತಾರೆ, ಅಷ್ಟೇ. ಸುಮ್ನೆ ಜನರ ಬಾಯಿಗೆ ಯಾಕೆ ಬೀಳಬೇಕು?

ಲೆಕ್ಕದವ:
ದೇವರು ಕ್ಷಮಿಸುತ್ತಾರೆ, ಒಪ್ಪುತ್ತೇನೆ. ಆದರೆ ಹಣ ಕಳೆದುಕೊಂಡವರು ಕೂಟದವರಲ್ವಾ? ಬೈಬಲಿನ ಅರಣ್ಯಕಾಂಡ 5:7ರಲ್ಲಿ ಮೊದಲು ಅರಿಕೆ, ಆಮೇಲೆ ಪೂರ್ತಿ ಹಣ, ಅದರ ಮೇಲೆ ಐದನೇ ಒಂದು ಪಾಲು, ಯಾರಿಗೆ ನಷ್ಟ ಆಯಿತೋ ಅವರಿಗೆ. 1000 ತೆಗೆದಿದ್ದರೆ 1200. ಸುಂಕದವನಾಗಿದ್ದ ಜಕ್ಕಾಯನಂತೂ ಮೋಸದಿಂದ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂದ.

ಮುಚ್ಚಿಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಅರಸ ದಾವೀದ ಇದ್ದಾನೆ. ಇನ್ನೊಬ್ಬನ ಹೆಂಡತಿಯ ಜೊತೆ ಒಂದು ರಾತ್ರಿ ಮಾಡಿದ ತಪ್ಪು ಮುಚ್ಚಲು ಅವಳ ಗಂಡ ಊರೀಯನನ್ನು ಯುದ್ಧದಿಂದ ಕರೆಸಿದ, ಮನೆಗೆ ಹೋಗು ಅಂದ, ಕುಡಿಸಿದ, ಯಾವುದೂ ನಡೆಯದೆ ಹೋದಾಗ ಅವನನ್ನು ಸಾಯಿಸಿ ಅನ್ನುವ ಪತ್ರವನ್ನು ಅವನ ಕೈಯಲ್ಲೇ ಸೇನಾಪತಿಗೆ ಕಳಿಸಿದ. ತಪ್ಪು ಎತ್ತಿ ತೋರಿಸಲು ಪ್ರವಾದಿ ನಾತಾನ ಬರುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಅಷ್ಟು ತಿಂಗಳು ಸುಮ್ಮನಿದ್ದ! ಬಾಯಿ ಮುಚ್ಚಿಕೊಂಡಿದ್ದಾಗ ಮೂಳೆಗಳೇ ಸವೆದವು ಅಂತ 32ನೇ ಕೀರ್ತನೆಯಲ್ಲಿದೆ. ಕೊನೆಗೆ ಪಾಪ ಮಾಡಿದ್ದೇನೆ ಅಂತ ಒಪ್ಪಿಕೊಂಡ. ಕ್ಷಮೆ ಆಗಲೇ ಸಿಕ್ಕಿತು, ಆದರೆ ಮನೆಯ ಸಂಕಟ ತಪ್ಪಲಿಲ್ಲ. ನಿಮಗೂ ಲೆಕ್ಕದ ಕೆಲಸ ಕೈತಪ್ಪಬಹುದು. ತಪ್ಪಿದರೆ ಒಳ್ಳೆಯದೇ.

ಎಲ್ಲರ ಮುಂದೆ ನಿಂತು ಹೇಳಿ ಅನ್ನುತ್ತಿಲ್ಲ. ನಂಬಿಕೆ ಇರುವ ಹಿರಿಯರೊಬ್ಬರ ಹತ್ತಿರ ಲೆಕ್ಕದ ಪುಸ್ತಕ ಹಿಡಿದುಕೊಂಡೇ ಹೋಗಿ, ಪೆಟ್ಟಿಗೆಯ ಕೀಲಿ ಕೊಟ್ಟುಬಿಡಿ.

ಹೆಸರು ಬೇಡ:
ಇವತ್ತು ಕೂತು ಎಣಿಸಿದೆ. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಹೋಗಿದೆ. ಹಿರಿಯರಿಗೆ ಫೋನ್ ಮಾಡಿದೆ, ಏನು ವಿಷಯ ಅಂದರು, ಬಂದೇ ಹೇಳುತ್ತೇನೆ ಅಂದೆ. ಕೈ ಇನ್ನೂ ನಡುಗುತ್ತಿದೆ. ಐದನೇ ಒಂದು ಪಾಲು ಸೇರಿಸಿ ಒಟ್ಟಿಗೆ ಕೊಡಲು ಆಗುವುದಿಲ್ಲ, ಕಂತಿನಲ್ಲಿ ಕೊಟ್ಟರೆ ನಡೆಯುತ್ತದಾ?

ಲೆಕ್ಕದವ:
ಅದನ್ನು ಅವರನ್ನೇ ಕೇಳಿ. ಕೀಲಿ ಮರೆಯಬೇಡಿ.