4ಎಲ್60ಇ ಆಟೋಮ್ಯಾಟಿಕ್: ಶಿಫ್ಟ್ ಬಿಗಿಯಾಗಬೇಕು, ಬಾಕ್ಸೂ ಬಾಳಬೇಕು

ಟ್ರೇಲರ್‌ಕೊಕ್ಕೆ:
5.3 ಲೀಟರ್ ವಿ8 ಪಿಕಪ್, ಗೇರ್‌ಬಾಕ್ಸ್ 4ಎಲ್60ಇ, ಅಂದರೆ ಜಿಎಂನ ನಾಲ್ಕು ಗೇರಿನ ಆಟೋಮ್ಯಾಟಿಕ್. ಟ್ರೇಲರ್ ಎಳೆಯುವ ಕೆಲಸವೇ ಹೆಚ್ಚು. ಆಯಿಲ್ ಕೆಂಪಗಿದೆ, ಸುಟ್ಟ ವಾಸನೆ ಇಲ್ಲ, ಸ್ಕ್ಯಾನರ್‌ನಲ್ಲಿ ಕೋಡ್ ಇಲ್ಲ. 1ರಿಂದ 2ಕ್ಕೆ, 2ರಿಂದ 3ಕ್ಕೆ ಹೋಗುವ ಶಿಫ್ಟ್ (1-2, 2-3) ಎರಡೂ ಮೆತ್ತಗೆ ಜಾರಿಕೊಂಡು ಬೀಳುತ್ತವೆ. ಬಾಕ್ಸ್ ಇಳಿಸದೆ, ಪ್ಯಾನ್ ಬಿಚ್ಚಿ ಆಗುವಷ್ಟು ಮಾಡೋಣ ಅಂತ. ಕಾರ್ವೆಟ್ ಸರ್ವೋ (ಆಯಿಲ್ ಒತ್ತಡದಿಂದ ಬ್ಯಾಂಡ್ ಬಿಗಿಯುವ ದೊಡ್ಡ ಪಿಸ್ಟನ್), ಸೆಪರೇಟರ್ ಪ್ಲೇಟಿನ (ಆಯಿಲ್ ಹರಿವನ್ನು ತೂತುಗಳಿಂದ ಅಳೆದು ಬಿಡುವ ತಗಡು) ತೂತು ಹಿಗ್ಗಿಸುವುದು, ಅಕ್ಯುಮುಲೇಟರ್ (ಶಿಫ್ಟಿನ ಏಟನ್ನು ಮೆತ್ತಗೆ ಮಾಡುವ ಸ್ಪ್ರಿಂಗ್-ಪಿಸ್ಟನ್) ಪೂರ್ತಿ ಬ್ಲಾಕ್ ಮಾಡುವುದು: ಮೂರನ್ನೂ ಒಂದೇ ಸಲ ಹಾಕಬಹುದೇ?

ವಾಲ್ವ್‌ಬಾಡಿ:
ಮೂರನ್ನೂ ಒಟ್ಟಿಗೆ ಹಾಕಿದರೆ ಯಾವುದು ಏನು ಮಾಡಿತು ಅಂತ ಗೊತ್ತೇ ಆಗುವುದಿಲ್ಲ. ಮೊದಲು 300 ಪಿಎಸ್‌ಐವರೆಗಿನ ಗೇಜ್ ತಗೊಂಡು ಕೇಸಿನ ಎಡಬದಿಯ ಪ್ಲಗ್‌ಗೆ ಹಾಕಿ, ಲೈನ್ ಪ್ರೆಶರ್ (ಬಾಕ್ಸಿನ ಮುಖ್ಯ ಆಯಿಲ್ ಒತ್ತಡ) ಬರೆದಿಟ್ಟುಕೊಳ್ಳಿ. ಐಡಲ್‌ನಲ್ಲಿ ಒಂದು, ಲೋಡ್ ಬಿದ್ದಾಗ ಇನ್ನೊಂದು. ಪ್ಯಾನ್ ಬಿಚ್ಚಿದಾಗ ತಳ ನೋಡಿ: ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಇದ್ದರೆ ಸಹಜ. ಕಪ್ಪು ಚೂರು, ಲೋಹದ ಹರಳು ಕಂಡರೆ ಅಲ್ಲಿಗೇ ನಿಲ್ಲಿಸಿ. ಸವೆದ ಕ್ಲಚ್ಚನ್ನು ಶಿಫ್ಟ್ ಕಿಟ್ (ಶಿಫ್ಟ್ ಬಿಗಿ ಮಾಡುವ ಇಂಥ ಭಾಗಗಳ ಸೆಟ್) ಬದುಕಿಸುವುದಿಲ್ಲ.

ಮೊದಲ ಹೆಜ್ಜೆ ಸರ್ವೋ. 2ನೇ ಗೇರಿಗೆ 2-4 ಬ್ಯಾಂಡನ್ನು (2, 4ನೇ ಗೇರಿನಲ್ಲಿ ಡ್ರಮ್ ಸುತ್ತ ಬಿಗಿಯುವ ಪಟ್ಟಿ) ಹಿಡಿಯುವುದು ಅದೇ. ಕಾರ್ವೆಟ್ ಪಿಸ್ಟನ್ನಿನ ವಿಸ್ತೀರ್ಣ ದೊಡ್ಡದು, ಹಾಗಾಗಿ ಅದೇ ಒತ್ತಡಕ್ಕೆ ಹಿಡಿತ ಜಾಸ್ತಿ. ಕವರ್ ಒಳಗೆ ಒತ್ತಿ ಸ್ನ್ಯಾಪ್ ರಿಂಗ್ ತೆಗೆಯಬೇಕು. ಕೆಲವು ಗಾಡಿಗಳಲ್ಲಿ ಎಕ್ಸಾಸ್ಟ್ ಪೈಪ್ ಅಡ್ಡ ಬರುತ್ತದೆ. ಪಿನ್ ಬದಲಿಸುವುದಾದರೆ ಉದ್ದ ಹೋಲಿಸಿ ನೋಡಿ. ಗಿಡ್ಡವಾದರೆ ಬ್ಯಾಂಡ್ ಸಡಿಲ, ಉದ್ದವಾದರೆ ಸದಾ ಉಜ್ಜುತ್ತದೆ. ಹೊಸ ಓ-ರಿಂಗ್, ಸೀಲ್ ಎಲ್ಲಕ್ಕೂ ಆಯಿಲ್ ಸವರಿಯೇ ಕೂರಿಸಿ.

ವಾಲ್ವ್ ಬಾಡಿ (ಆಯಿಲ್ ದಾರಿ, ವಾಲ್ವ್‌ಗಳಿರುವ ಭಾಗ) ಇಳಿಸುವ ಮುಂಚೆ ಫೋಟೋ ತೆಗೆದುಕೊಳ್ಳಿ. ಚೆಕ್ ಬಾಲ್ (ಆಯಿಲ್ ದಾರಿ ಮುಚ್ಚಿ ತೆರೆಯುವ ಚಿಕ್ಕ ಗುಂಡು) ಒಂದು ಉರುಳಿ ಹೋದರೂ ಇಡೀ ಕೆಲಸ ಮತ್ತೆ. ಜೋಡಿಸುವಾಗ ಬಾಲ್ ಅಂಟಿಸಲು ವ್ಯಾಸಲೀನ್ ಬಳಸಿ, ಬೇರಿಂಗ್ ಗ್ರೀಸ್ ಬೇಡ, ಅದು ಆಯಿಲ್‌ನಲ್ಲಿ ಕರಗದೆ ದಾರಿ ಕಟ್ಟುತ್ತದೆ. ಪ್ಲೇಟಿನ ಎರಡೂ ಕಡೆಯ ಗ್ಯಾಸ್ಕೆಟ್‌ಗಳಿಗೆ ಗುರುತು ಇರುತ್ತದೆ: ‘ಸಿ’ ಕೇಸಿನ ಕಡೆಗೆ, ‘ವಿ’ ವಾಲ್ವ್ ಬಾಡಿ ಕಡೆಗೆ. ಬೋಲ್ಟ್‌ಗಳು ನಡುವಿನಿಂದ ಹೊರಕ್ಕೆ, 11 ನ್ಯೂಟನ್ ಮೀಟರ್. ಪ್ಯಾನ್ ಬೋಲ್ಟಿಗೂ ಅಷ್ಟೇ.

ಸನ್‌ಶೆಲ್:
ಅಕ್ಯುಮುಲೇಟರ್ ಪೂರ್ತಿ ಬ್ಲಾಕ್ ಮಾಡುವುದು ಬೇಡವೇ ಬೇಡ. ಲೆಕ್ಕ ನೋಡಿ: 1ನೇ ಗೇರು 3.06, 2ನೇದು 1.63. 4000 ಆರ್‌ಪಿಎಂನಲ್ಲಿ ಶಿಫ್ಟ್ ಆದರೆ ಎಂಜಿನ್ ಒಂದೇ ಏಟಿಗೆ 2130ರ ಆಸುಪಾಸಿಗೆ ಇಳಿಯಬೇಕು. ಆ ಏಟು ನೇರ ಬೀಳುವುದು ಸನ್ ಶೆಲ್ (ಡ್ರಮ್ಮನ್ನು ನಡುವಿನ ಸನ್ ಗೇರಿಗೆ ಜೋಡಿಸುವ ಲೋಹದ ಚಿಪ್ಪು) ಮೇಲೆ. ಈ ಬಾಕ್ಸಿನ ಹೆಸರುವಾಸಿ ದುರ್ಬಲ ಭಾಗ ಅದು. ಸ್ಪ್ಲೈನ್ ಸವೆದರೆ 2, 4, ರಿವರ್ಸ್ ಮೂರೂ ಒಟ್ಟಿಗೆ ಹೋಗುತ್ತವೆ, 1 ಮತ್ತು 3 ಮಾತ್ರ ಉಳಿಯುತ್ತವೆ. ಬಿಗಿ ಸ್ಪ್ರಿಂಗ್ ಹಾಕಿ. ಪಿಸ್ಟನ್ ಪ್ಲಾಸ್ಟಿಕ್ಕಿನದಾಗಿದ್ದರೆ ಅಲ್ಯೂಮಿನಿಯಂನದು ಹಾಕಿ. ಸಾಕು.

ಇನ್ನು ಪ್ಲೇಟಿನ ತೂತಿನ ವಿಷಯ. 1-2ರಲ್ಲಿ ಬ್ಯಾಂಡ್ ಒಂದೇ ಹಿಡಿಯಬೇಕು, ಸರಳ. 2-3ರಲ್ಲಿ ಬ್ಯಾಂಡ್ ಬಿಡಬೇಕು, 3-4 ಕ್ಲಚ್ (3, 4ನೇ ಗೇರಿನದು) ಹಿಡಿಯಬೇಕು, ಎರಡೂ ಒಂದೇ ಆಯಿಲ್‌ನಿಂದ. 3ನೇ ಗೇರಿನ ತೂತು ಮಿತಿಮೀರಿ ದೊಡ್ಡದಾದರೆ ಬ್ಯಾಂಡ್ ಬಿಡುವ ಮೊದಲೇ ಕ್ಲಚ್ ಹಿಡಿಯುತ್ತದೆ, ಗಾಡಿ ಬ್ರೇಕ್ ಒತ್ತಿದ ಹಾಗೆ ಮುಗ್ಗರಿಸುತ್ತದೆ. ಅದನ್ನು ‘ಬಿಗಿ ಶಿಫ್ಟ್’ ಅಂದುಕೊಂಡು ಖುಷಿಪಡುವವರೂ ಇದ್ದಾರೆ, ಅಷ್ಟರಲ್ಲಿ ಬ್ಯಾಂಡ್ ಸುಡುತ್ತಿರುತ್ತದೆ. ಉಲ್ಟಾ ಆದರೆ, ಅಂದರೆ ಬ್ಯಾಂಡ್ ಮೊದಲೇ ಬಿಟ್ಟರೆ, ನಡುವೆ ಆರ್‌ಪಿಎಂ ಚಿಮ್ಮುತ್ತದೆ. ಕಿಟ್ ಹೇಳುವ ಅತಿ ಚಿಕ್ಕ ಅಳತೆಯಿಂದ ಶುರು ಮಾಡಿ, ಒಮ್ಮೆಗೆ 0.2 ಮಿ.ಮೀ.ಗಿಂತ ಹೆಚ್ಚು ಹಿಗ್ಗಿಸಬೇಡಿ. ಕೊರೆದ ತೂತನ್ನು ಮತ್ತೆ ಚಿಕ್ಕದು ಮಾಡಲಾಗದು. ಅಂಚಿನ ಬರ್ (ಲೋಹದ ಮುಳ್ಳು) ಎರಡೂ ಕಡೆ ಉಜ್ಜಿ ತೆಗೆಯಿರಿ.

ಕೂಲರ್‌ಲೈನ್:
ಹೈಡ್ರಾಲಿಕ್ ಕೆಲಸವನ್ನು ಇಬ್ಬರೂ ಹೇಳಿಬಿಟ್ಟರು, ಕಂಪ್ಯೂಟರ್ ಮರೆತರು. ಇದರಲ್ಲಿ ಲೈನ್ ಪ್ರೆಶರ್ ನಡೆಸುವ ಸೊಲೆನಾಯ್ಡಿಗೆ (ಕರೆಂಟಿನಿಂದ ನಡೆಯುವ ವಾಲ್ವ್) ಕರೆಂಟ್ ಕಡಿಮೆಯಾದಷ್ಟೂ ಒತ್ತಡ ಹೆಚ್ಚು: ಸುಮಾರು 1.1 ಆಂಪಿಯರ್‌ನಲ್ಲಿ ಕನಿಷ್ಠ, ಸೊನ್ನೆಯಲ್ಲಿ ಗರಿಷ್ಠ. ವೈರಿಗೆ ರೆಸಿಸ್ಟರ್ ಸಿಕ್ಕಿಸಿ ‘ಅಗ್ಗದ ಶಿಫ್ಟ್ ಕಿಟ್’ ಅನ್ನುವ ಉಪಾಯದ ಗುಟ್ಟು ಇದೇ. ನಿಧಾನವಾಗಿ ಹೋಗುವಾಗಲೂ ಗುದ್ದು ತಪ್ಪುವುದಿಲ್ಲ, ಹಾಗೆ ಮಾಡಬೇಡಿ. ಟ್ಯೂನಿಂಗ್ ಸಾಫ್ಟ್‌ವೇರ್‌ನಲ್ಲಿ ಶಿಫ್ಟ್ ಪ್ರೆಶರ್ ಟೇಬಲ್ ತಿದ್ದಿ, ಬಾಕ್ಸ್ ಹಿಂದೆ ಕಲಿತ ಅಡಾಪ್ಟ್ ಲೆಕ್ಕಗಳನ್ನು ಅಳಿಸಿ. ಟಾರ್ಕ್ ಮ್ಯಾನೇಜ್‌ಮೆಂಟನ್ನು ಸೊನ್ನೆ ಮಾಡಬೇಡಿ. ಶಿಫ್ಟ್ ಆಗುವ ಕ್ಷಣಕ್ಕೆ ಎಂಜಿನ್ ಸ್ವಲ್ಪ ತಗ್ಗಿದರೆ ಮೇಲೆ ಹೇಳಿದ ಶೆಲ್ಲೇ ಬದುಕುತ್ತದೆ.

ಟ್ರೇಲರ್ ಎಳೆಯುವವರಿಗೆ ಶಿಫ್ಟಿಗಿಂತ ಬಿಸಿಯೇ ದೊಡ್ಡ ಶತ್ರು. ರೇಡಿಯೇಟರ್ ದಾಟಿದ ಮೇಲೆ, ಬಾಕ್ಸಿಗೆ ಮರಳುವ ಲೈನಿನಲ್ಲಿ ಪ್ರತ್ಯೇಕ ಕೂಲರ್ ಹಾಕಿ. ಪ್ಯಾನ್ ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇದ್ದರೆ ನೆಮ್ಮದಿ. 120 ದಾಟಿದರೆ ಆಯಿಲ್ ಬೇಗ ಹಾಳು, ಸೀಲ್‌ಗಳು ಗಟ್ಟಿಯಾಗುತ್ತವೆ. ಪಿ1870 ಕೋಡ್ ಬಂದರೆ ಟಾರ್ಕ್ ಕನ್ವರ್ಟರ್ (ಎಂಜಿನ್, ಬಾಕ್ಸ್ ನಡುವಿನ ಆಯಿಲ್ ಜೋಡಣೆ) ಕ್ಲಚ್ ರೆಗ್ಯುಲೇಟರ್ ವಾಲ್ವಿನ ಬೋರ್ ಸವೆದಿದೆಯೇ ನೋಡಿ. ಬೋರ್ ರೀಮ್ ಮಾಡಿ ದೊಡ್ಡ ವಾಲ್ವ್ ಕೂರಿಸಬೇಕು, ಆಯಿಲ್ ಬದಲಿಸಿದರೆ ಹೋಗುವುದಿಲ್ಲ.

ಟ್ರೇಲರ್‌ಕೊಕ್ಕೆ:
ಹಾಗಾದರೆ ಸರ್ವೋ, ಅಕ್ಯುಮುಲೇಟರ್ ಸ್ಪ್ರಿಂಗ್, ಕೂಲರ್ ಮೊದಲು. ಪ್ಲೇಟ್ ಸದ್ಯಕ್ಕೆ ಮುಟ್ಟುವುದಿಲ್ಲ. ಆಯಿಲ್ ಎಷ್ಟು ಬೇಕು? ಲೈನ್ ಪ್ರೆಶರ್ ಏರಿಸುವ ಬೂಸ್ಟ್ ವಾಲ್ವ್ ಬದಲಿಸಲು ಪಂಪ್ ಇಳಿಸಬೇಕಾ?

ವಾಲ್ವ್‌ಬಾಡಿ:
ಪಂಪ್ ಇಳಿಸಬೇಕಿಲ್ಲ, ಫಿಲ್ಟರ್ ತೆಗೆದರೆ ಪ್ಯಾನ್ ಕಡೆಯಿಂದಲೇ ಸಿಗುತ್ತದೆ. ಹಿಂದೆ ಸ್ಪ್ರಿಂಗಿನ ಒತ್ತಡ ಇರುತ್ತದೆ, ಸ್ನ್ಯಾಪ್ ರಿಂಗ್ ತೆಗೆಯುವಾಗ ಬೆರಳಿಂದ ತಡೆಹಿಡಿಯಿರಿ. ಆದರೆ ಸರ್ವೋ ಹಾಕಿ, ಓಡಿಸಿ, ಗೇಜ್ ಮತ್ತೆ ನೋಡಿ, ಆಮೇಲೆ ಯೋಚಿಸಿ.

ಪ್ಯಾನ್ ಇಳಿಸಿದಾಗ ಹೊರಬರುವುದು ಸುಮಾರು 4.7 ಲೀಟರ್, ಉಳಿದದ್ದು ಕನ್ವರ್ಟರ್‌ನಲ್ಲೇ ಇರುತ್ತದೆ. ಡೆಕ್ಸ್ರಾನ್ 6 ಹಾಕಿ. ಕೂಲರ್, ಅದರ ಪೈಪಿಗೆ ಒಂದಿಷ್ಟು ಜಾಸ್ತಿ ಬೇಕಾಗುತ್ತದೆ. ಎಂಜಿನ್ ಬಿಸಿಯಾಗಿ, ಪಾರ್ಕ್‌ನಲ್ಲಿ ಐಡಲ್ ಆಗುತ್ತಿರುವಾಗ ಡಿಪ್‌ಸ್ಟಿಕ್ ನೋಡಿ. ಫಿಲ್ಟರ್ ಕುತ್ತಿಗೆಯ ಸೀಲ್ ಹೊಸದು ಹಾಕಿ, ಹಳೆಯದು ಒಳಗೇ ಉಳಿಯದ ಹಾಗೆ ನೋಡಿಕೊಳ್ಳಿ. ಅಲ್ಲಿ ಗಾಳಿ ಎಳೆದರೆ ಪಂಪ್ ಗೊರಗುಡುತ್ತದೆ, ಹೊಸ ಸರ್ವೋ ಹಾಕಿದ್ದರೂ ಶಿಫ್ಟ್ ಜಾರುತ್ತದೆ.